ಎಂಟನೆಯ ದಿನ ಬಂದ ಫೋನು

ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಇದ್ದಾಗ ಮರಾಠಿ ಸೀಮೆಯ ಗಡಿಯಲ್ಲಿರುವ ಉದಗೀರದ ಕಡೆಯ ಠಾಣೆಯಿಂದ ನನ್ನನ್ನು ಒಂದು ತನಿಖಾ ತಂಡಕ್ಕೆ ಕರೆಸಿಕೊಂಡರು. ಕಚೇರಿಯ ಹಿಂಬದಿಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ನನ್ನ ಬುದ್ಧಿವಂತಿಕೆ ನೋಡಿ ಕರೆದದ್ದಲ್ಲ. ಮೂವತ್ತೆರಡು ವರ್ಷ ಹವಾಲ್ದಾರಿಕೆ ಮಾಡಿದವನ ಬುದ್ಧಿ ಎಷ್ಟಿರುತ್ತದೆ ಎಂದು ಇಲಾಖೆಗೆ ಚೆನ್ನಾಗಿ ಗೊತ್ತು. ಆ ತನಿಖಾ ತಂಡದಲ್ಲಿ ಮನೆಮಾತು ಕನ್ನಡ ಇದ್ದವನು ನಾನೊಬ್ಬನೇ, ಅಷ್ಟೇ ಕಾರಣ.

ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ನ್ಯಾಯಾಲಯದಲ್ಲಿ ಎಲ್ಲರೆದುರು ಬಂದ ಸಂಗತಿಯನ್ನಷ್ಟೇ ಬರೆಯುತ್ತೇನೆ.

ಲಾರಿ ನಿಲ್ಲಿಸಿ ಸರಕು ದೋಚುವ ಪ್ರಕರಣಗಳು ಒಂದಾದ ಮೇಲೊಂದು ಮೂರು ನಡೆದಿದ್ದವು. ಮೊದಲನೆಯದು ಉಮರ್ಗಾದ ಹೊರಗೆ, ಎರಡನೆಯದು ನಿಲಂಗಾ ರಸ್ತೆಯಲ್ಲಿ, ಮೂರನೆಯದು ದೇವಣಿಯಿಂದ ಉದಗೀರಕ್ಕೆ ಹೋಗುವ ದಾರಿಯಲ್ಲಿ. ಮೂರನೆಯದರಲ್ಲಿ ಚಾಲಕ ಸತ್ತುಹೋದ. ಆ ಮೂರೂ ಜಾಗದ ಮೊಬೈಲ್ ಟವರುಗಳ ದಾಖಲೆ ತರಿಸಿ ತಾಳೆ ನೋಡಿದಾಗ, ಮೂರು ಕಡೆಯೂ ಆ ಹೊತ್ತಿಗೆ ಇದ್ದ ನಂಬರು ಒಂದೇ ಒಂದು ಸಿಕ್ಕಿತು. ಸಿಮ್ಮು ಮಾಕಣಿಯ ಹತ್ತಿರದ ಹಳ್ಳಿಯ ಒಬ್ಬ ಕುರುಬರ ಹಿರಿಯನ ಹೆಸರಿನಲ್ಲಿತ್ತು. ನಡುಹಗಲೆಲ್ಲ ಬಂದ್, ಬೆಳಿಗ್ಗೆ ಸಂಜೆ ಚಾಲೂ, ಇವತ್ತು ಇಲ್ಲಿ ನಾಳೆ ಅಲ್ಲಿ. ಮೇಲಿನವರಿಗೆ ಅಷ್ಟೇ ಸಾಕಾಯಿತು.

ತಂಡದ ಮುಖ್ಯಸ್ಥರು ಒಬ್ಬ ಮಹಿಳಾ ಇನ್ಸ್‌ಪೆಕ್ಟರ್. ನಾವೆಲ್ಲ ‘ಮೇಡಂ’ ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಎನ್ನುತ್ತೇನೆ. ಅವರ ಮಾತು ಮರಾಠಿ, ನನ್ನ ಉತ್ತರವೂ ಮರಾಠಿ. ಆದರೆ ನೆನಪು ಮಾತ್ರ ನನಗೆ ನಮ್ಮ ಮನೆಯ ಮಾತಿನಲ್ಲೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ. ಮೊದಲ ದಿನ ಅವರು ನನ್ನನ್ನು ಕೂರಿಸಿಕೊಂಡು ಕಾಯಿದೆ ಹೇಳಿದರು. ನನಗಿಂತ ಹದಿನೆಂಟು ವರ್ಷ ಚಿಕ್ಕವರು ನನಗೆ ಕಾಯಿದೆ ಹೇಳುತ್ತಿದ್ದಾರಲ್ಲ ಎಂದು ಒಳಗೇ ಮುನಿಸು ಬಂತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವರು ಹೇಳಿದ್ದು ಇಷ್ಟು. ಒಬ್ಬರ ಫೋನು ಗುಟ್ಟಾಗಿ ಕೇಳುವ ಹಕ್ಕು ಯಾವ ಠಾಣೆಗೂ ಇಲ್ಲ. ರಾಜ್ಯದ ಗೃಹ ಇಲಾಖೆಯ ಅತಿ ದೊಡ್ಡ ಅಧಿಕಾರಿಯೇ ಲಿಖಿತ ಆದೇಶ ಕೊಡಬೇಕು. ಬೇರೆ ದಾರಿಯಿಂದ ಮಾಹಿತಿ ಸಿಗುವಂತಿದೆಯೇ ಎಂದು ಮೊದಲು ಯೋಚಿಸಬೇಕು. ತುರ್ತು ಇದ್ದರೆ ಪೊಲೀಸ್ ಇಲಾಖೆಯ ಮೇಲಿನ ದರ್ಜೆಯ ಅಧಿಕಾರಿ ತಾತ್ಕಾಲಿಕ ಆದೇಶ ಕೊಡಬಹುದು, ಆದರೆ ಅದಕ್ಕೆ ಏಳು ಕೆಲಸದ ದಿನಗಳೊಳಗೆ ಗೃಹ ಇಲಾಖೆಯ ಮಂಜೂರಿ ಬರಬೇಕು. ಬರದಿದ್ದರೆ ಕೇಳುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಅಲ್ಲಿಯವರೆಗೆ ಕೇಳಿದ್ದನ್ನು ಯಾವ ಕೆಲಸಕ್ಕೂ ಬಳಸುವಂತಿಲ್ಲ. ಎರಡು ದಿನದಲ್ಲಿ ಎಲ್ಲ ಪ್ರತಿ ನಾಶಮಾಡಿ, ನಾಶಮಾಡಿದ್ದೇವೆ ಎಂದು ಬರೆದು ಕೊಡಬೇಕು. ನಮ್ಮದು ತುರ್ತಿನ ಆದೇಶವಾಗಿತ್ತು. ಮೇಡಂ ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ಸೋಮವಾರದ ಮೇಲೆ ಒಂದು ಅಂತ ಬರೆದರು.

ನನ್ನ ಕೆಲಸ ಸರಳ. ಕರೆ ಬಂದರೆ ಯಂತ್ರ ತಾನೇ ದಾಖಲಿಸುತ್ತದೆ. ನಾನು ಕೇಳಿ, ಅಚ್ಚು ಹಾಕಿದ ಹಾಳೆಯಲ್ಲಿ ವೇಳೆ, ಕರೆ ಬಂದದ್ದೋ ಹೋದದ್ದೋ, ಮಾತಾಡಿದವರು ಯಾರು, ಮಾತಿನ ಸಾರಾಂಶ ಏನು ಎಂದು ಮರಾಠಿಯಲ್ಲಿ ತುಂಬಬೇಕು. ಅಡಿಯಲ್ಲಿ ಕಾರ್ಬನ್ ಇಟ್ಟು ಎರಡು ಪ್ರತಿ. ‘ಮಾತಾಡಿದವರು’ ಎಂಬ ಕಾಲಮಿನಲ್ಲಿ ನಾನು ಮೊದಲ ಕರೆಗೇ ಆ ಹಿರಿಯನ ಹೆಸರು ಬರೆದೆ. ಸಿಮ್ಮು ಅವರ ಹೆಸರಿನಲ್ಲಿತ್ತಲ್ಲ.

ಕೇಳಿದ್ದೆಲ್ಲ ಕುರಿಯ ಸುದ್ದಿ. ಇವತ್ತು ಯಾರ ಹೊಲದಲ್ಲಿ ಹಿಂಡು ತಂಗಿದೆ, ನಾಳೆ ಯಾರ ಹೊಲ, ಎಲ್ಲಿ ನೀರಿದೆ. ಒಂದು ಕಂದು ಕುರಿಗೆ ಮುಂಗಾಲು ಕೊಳೆತು ಕುಂಟುತ್ತಿತ್ತು, ಅದು ಗಬ್ಬವೂ ಆಗಿತ್ತು. ಅದರ ಔಷಧದ ಮಾತು ದಿನಕ್ಕೆರಡು ಸಲ. ಮನೆಯಿಂದ ಹೆಂಡತಿ ಮಾತಾಡುತ್ತಿದ್ದಳು, ಮಗುವಿನ ಬಾಯಿಗೆ ಫೋನು ಹಿಡಿದು ‘ಅಪ್ಪಾ ಅನ್ನು’ ಎನ್ನುತ್ತಿದ್ದಳು. ಒಂದು ಸಂಜೆ ಅವಳು ಅತ್ತೆಯ ಮೇಲಿನ ಸಿಟ್ಟೆಲ್ಲ ಹೇಳಿಕೊಂಡು ಅತ್ತಳು. ಅದನ್ನೂ ಬರೆಯತೊಡಗಿದ್ದೆ. ಮೇಡಂ ಹಿಂದಿನಿಂದ ಬಂದು ಹಾಳೆ ನೋಡಿ ಕೈ ಅಡ್ಡ ಇಟ್ಟರು.

“ಇದು ಪ್ರಕರಣಕ್ಕ ಸಂಬಂಧ ಅದ ಏನ್ರಿ?”

“ಇಲ್ರಿ.”

“ಮತ್ಯಾಕ ಬರೀತೀರಿ? ‘ಸಂಬಂಧವಿಲ್ಲ’ ಅಂತ ಒಂದು ಶಬ್ದ ಬರೀರಿ ಸಾಕು. ಆಕಿ ಅತ್ತದ್ದು ಆಕಿ ಮನಿಯೊಳಗೇ ಇರಲಿ.”

ಮೂರನೆಯ ದಿನ ಹಿಂಡಿನ ಕಡೆಯ ದನಿ ಬದಲಾಯಿತು. ಮೊದಲಿನವನದು ಗೊಗ್ಗರ ದನಿ, ಇವನದು ತೆಳು. ಮೇಲಿನ ಕಚೇರಿಗೆ ಇದು ಗೊತ್ತಾದದ್ದೇ, ‘ಗ್ಯಾಂಗು ಫೋನು ಕೈ ಬದಲಾಯಿಸುತ್ತಿದೆ’ ಎಂದು ತೀರ್ಮಾನಕ್ಕೆ ಬಂದರು. ಹಿರಿಯನನ್ನು ಹಿಡಿದು ತರಬೇಕು ಎನ್ನುವ ಮಾತು ಶುರುವಾಯಿತು.

ನನಗೆ ಮಾತ್ರ ಅದು ಒಂದೇ ಕ್ಷಣದಲ್ಲಿ ಅರ್ಥವಾಗಿತ್ತು. ನಮ್ಮದು ಲಿಂಗವಂತರ ಒಕ್ಕಲು ಮನೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ಪ್ರತಿ ವರ್ಷ ಕುರಿಹಿಂಡು ತಂಗುತ್ತಿತ್ತು. ಹಿಂಡು ಕಾಯಲು ಅಣ್ಣತಮ್ಮಂದಿರು ಪಾಳಿಯ ಮೇಲೆ ಬರುತ್ತಾರೆ, ಎಂಟು ದಿನ ಒಬ್ಬ, ಎಂಟು ದಿನ ಇನ್ನೊಬ್ಬ. ಹಿಂದೆ ಕಂದೀಲು, ಕೊಡಲಿ, ಔಷಧದ ಚೀಲ ಹಿಂಡಿನ ಜೊತೆ ಇರುತ್ತಿದ್ದವು. ಈಗ ಅದರ ಜೊತೆಗೆ ಒಂದು ಫೋನು. ಅದು ಯಾವ ಮನುಷ್ಯನದ್ದೂ ಅಲ್ಲ, ಹಿಂಡಿನದು. ಕಾಗದ ಪತ್ರವೆಲ್ಲ ಮನೆಯ ಹಿರಿಯನ ಹೆಸರಿನಲ್ಲೇ ಮಾಡಿಸುವುದು ಅವರ ರೂಢಿ, ಹಾಗಾಗಿ ಸಿಮ್ಮೂ ಅವನದೇ. ಹಿಂಡು ರಸ್ತೆಯ ಮಗ್ಗುಲಲ್ಲೇ ಸಾಗುತ್ತದೆ. ಉಮರ್ಗಾದಿಂದ ಉದಗೀರದವರೆಗೆ ಲಾರಿ ಹೋಗುವ ದಾರಿಯೂ ಅದೇ, ಕುರಿ ಹೋಗುವ ದಾರಿಯೂ ಅದೇ.

ಗೊತ್ತಿದ್ದೂ ನಾನು ಹೇಳಲಿಲ್ಲ. ಎರಡು ದಿನದ ಹಾಳೆಗಳ ಮೇಲೆ ಆಗಲೇ ಹಿರಿಯನ ಹೆಸರು ಬರೆದು ಕಳಿಸಿದ್ದೆ. ಈಗ ‘ಅವನಲ್ಲ’ ಎಂದರೆ ‘ಮೊದಲು ಯಾಕೆ ಬರೆದೆ’ ಎನ್ನುತ್ತಾರೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಕೇಳದ್ದಕ್ಕೆ ಬಾಯಿ ಬಿಡಬೇಡ ಎಂದು ಈ ನೌಕರಿ ನನಗೆ ಕಲಿಸಿತ್ತು. ಮೂರನೆಯ ದಿನದ ಹಾಳೆಯ ಮೇಲೂ, ದನಿ ಬೇರೆಯಾದರೂ, ಅದೇ ಹೆಸರು ಬರೆದೆ.

ಆರನೆಯ ದಿನ ಮುಗಿಯಿತು, ಮಂಜೂರಿ ಬರಲಿಲ್ಲ. ಏಳನೆಯ ದಿನ, ಮಂಗಳವಾರ, ಸಂಜೆಯವರೆಗೆ ಕಾದೆವು. ಯಾಕೆ ಬರಲಿಲ್ಲವೋ ನಮಗೆ ತಿಳಿಯದು, ಅದನ್ನು ಕೇಳುವ ಅಂತಸ್ತು ನಮ್ಮದಲ್ಲ. ಕಚೇರಿ ಮುಚ್ಚುವ ಹೊತ್ತಿಗೆ ಮೇಲಿನ ಸಾಹೇಬರ ಫೋನು ಬಂತು. ನಡುವೆ ಗುರುವಾರ ನಮ್ಮಲ್ಲಿ ಸ್ಥಳೀಯ ರಜೆ ಇತ್ತಲ್ಲ, ಅದನ್ನು ಕಳೆದರೆ ನಾಳೆಯೂ ಲೆಕ್ಕಕ್ಕೆ ಬರುತ್ತದೆ, ಇನ್ನೊಂದು ದಿನ ನಡೆಸಿ ಎಂದರು. ಮೇಡಂ ನಿಂತುಕೊಂಡೇ ಉತ್ತರಿಸಿದರು.

“ಸರ್, ರಜೆ ನಮ್ಮ ಜಿಲ್ಲೆಗಿತ್ತು. ಮಂಜೂರಿ ಕೊಡೋ ಗೃಹ ಇಲಾಖೆಗೆ ಇರ್ಲಿಲ್ಲ. ಅವ್ರು ಗುರುವಾರ ಕೆಲಸ ಮಾಡ್ಯಾರ. ಏಳು ದಿನ ಇವತ್ತಿಗೆ ಮುಗೀತು.”

ಆ ಕಡೆಯಿಂದ ಏನೋ ಗದರಿಕೆ ಕೇಳಿಸಿತು. ಮೇಡಂ “ಜೀ ಸರ್, ಬರದು ಕೊಡ್ರಿ ಸರ್, ಹಂಗೇ ಮಾಡ್ತೀನಿ” ಎಂದರು. ಬರೆದುಕೊಡಲು ಯಾರೂ ತಯಾರಿರಲಿಲ್ಲ. ಅವರು ಆಗಲೇ ಕುಳಿತು, ಕೇಳುವುದನ್ನು ನಿಲ್ಲಿಸಿರಿ ಎಂದು ದೂರವಾಣಿ ಕಂಪನಿಗೆ ಪತ್ರ ಬರೆಸಿದರು. ಅದು ನಿಯಮದ ಪ್ರಕಾರ ಹೋಗಬೇಕಾದ ದಾರಿಯಲ್ಲಿ ಹೋಗಿ ಮರುದಿನ ಕಚೇರಿ ತೆರೆದ ಮೇಲೆಯೇ ತಲುಪುವುದಿತ್ತು. ನನಗೆ ಹೇಳಿದರು, “ನಾಳೆ ಬರ್ರಿ, ಆದ್ರ ನಾ ಹೇಳೋತನಕ ಕಿವಿಗೆ ಹಚ್ಚಬ್ಯಾಡ್ರಿ.”

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋಣೆಗೆ ಹೋದೆ. ಯಂತ್ರದ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಹಿಂದಿನ ಸಂಜೆಯ ಕರೆಯಲ್ಲಿ ಕಂದು ಕುರಿ ಮೇವು ಬಿಟ್ಟು ಮಲಗಿದೆ, ಈಯುತ್ತದೋ ಸಾಯುತ್ತದೋ ಗೊತ್ತಿಲ್ಲ ಎಂದಿದ್ದರು. ರಾತ್ರಿಯೆಲ್ಲ ನನಗೆ ಅದೇ ಯೋಚನೆ. ದೀಪ ಮಿನುಗಿ ಕರೆ ಬಂತು. ಕೈ ತಾನೇ ಹೋಯಿತು ಎಂದರೆ ಸುಳ್ಳಾಗುತ್ತದೆ. ಬೇಕೆಂದೇ ಹೆಡ್‌ಫೋನು ಹಾಕಿಕೊಂಡೆ.

ಕುರಿ ಈದಿತ್ತು, ಎರಡು ಮರಿ. ನನಗೆ ನಗು ಬಂತು. ಆಮೇಲೆ ತೆಳು ದನಿಯವನು ತಡವರಿಸುತ್ತ ಮನೆಯಲ್ಲಿದ್ದ ಅಣ್ಣನಿಗೆ ಹೇಳಿದ್ದು ಕೇಳಿ ನಗು ನಿಂತಿತು. ಚಾಲಕ ಸತ್ತ ಮರುದಿನ ನಸುಕಿನಲ್ಲಿ, ದೇವಣಿಯ ಆಚೆಯ ಒಂದು ಮೋರಿಯ ಕೊಳವೆಯೊಳಗೆ ಇಬ್ಬರು ಚೀಲ ತುರುಕುತ್ತಿದ್ದುದನ್ನು ಅವನು ಕಂಡಿದ್ದ. ಅವರಲ್ಲೊಬ್ಬ ನಿನ್ನೆ ಹಿಂಡಿನ ಹತ್ತಿರ ಬಂದು, ಬಾಯಿ ಬಿಟ್ಟರೆ ನೋಡು ಎಂದು ಬೆರಳು ತೋರಿಸಿ ಹೋಗಿದ್ದ. ಅವನ ಗಾಡಿಯ ನಂಬರಿನ ಕೊನೆಯ ಅಂಕಿಗಳೂ ತಮ್ಮನಿಗೆ ನೆನಪಿದ್ದವು. ಪೊಲೀಸರಿಗೆ ಹೇಳಲೇ ಎಂದು ಕೇಳಿದ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, “ಬ್ಯಾಡಪಾ, ನಮ್ಮ ಮ್ಯಾಲೇ ಹಾಕ್ತಾರ” ಎಂದ.

ಹೆಡ್‌ಫೋನು ಕಿತ್ತೆಸೆದು ಮೇಡಂ ಕೋಣೆಗೆ ಓಡಿದೆ.

“ಮೇಡಂ, ಸಿಕ್ಕಿತ್ರಿ.”

“ಮಂಜೂರಿ ಸಿಕ್ಕಿತೇನು?”

“ಅದಲ್ರಿ. ಈಗ ಫೋನಿನಾಗ...”

ಅವರು ಕೈ ಎತ್ತಿದರು. “ಸಾಂಗೂ ನಕಾ, ಹವಾಲ್ದಾರ್.”

ಹೇಳಬೇಡಿ ಎಂದರ್ಥ. ಈ ಮರಾಠಿ ಮಾತು ಮಾತ್ರ ನನಗೆ ಮರಾಠಿಯಲ್ಲೇ ನೆನಪಿದೆ. ನಾನು ಬಿಡಲಿಲ್ಲ. ಇನ್ನೊಂದು ಜೀವ ಹೋದೀತು ಎಂದೆ. ಒಬ್ಬ ನಿರಪರಾಧಿಯ ಕೊರಳಿಗೆ ಬರುತ್ತದೆ ಎಂದೆ. ಮೇಡಂ ಎದ್ದು ಬಾಗಿಲು ಹಾಕಿದರು.

“ನೀವು ಕೇಳಿದ್ದು ಎಷ್ಟು ದೊಡ್ಡದೋ ನನಗ ಗೊತ್ತಿಲ್ಲ. ದೊಡ್ಡದೇ ಇರ್ಬೇಕು, ನಿಮ್ಮ ಮಾರಿ ಹೇಳ್ತದ. ಆದ್ರ ನಿನ್ನಿಗೆ ಮುಗೀತು. ನಾಳೆ ಕೋರ್ಟಿನಾಗ ವಕೀಲ ನನ್ನ ಕೇಳ್ತಾನ, ಇದು ನಿಮಗ ಹ್ಯಾಂಗ ಗೊತ್ತಾತು ಅಂತ. ಆಗ ನಾ ಸುಳ್ಳು ಹೇಳಂಗಿಲ್ಲ. ಖರೇ ಹೇಳಿದ್ರ, ಸಿಕ್ಕವ್ರು ಅದೇ ಬಾಗಿಲಿನಿಂದ ಹೊರಗ ಹೋಗ್ತಾರ. ಹೇಳಬ್ಯಾಡ್ರಿ.”

“ಹಂಗಾರ ಆ ಜೀವ?”

ಅವರು ಅಲ್ಲೇ ಫೋನು ಎತ್ತಿ, ಮೂರೂ ರಸ್ತೆಗಳಲ್ಲಿ ಅಂದಿನಿಂದಲೇ ಗಸ್ತು ಇಮ್ಮಡಿ ಮಾಡಿಸಿದರು. ಅದಕ್ಕೆ ಯಾರ ಫೋನೂ ಕದ್ದು ಕೇಳಬೇಕಿಲ್ಲ ಎಂದರು. ಆಮೇಲೆ ತಮ್ಮ ರಿಜಿಸ್ಟರು ತೆಗೆದು ತಮ್ಮ ಕೈಯಿಂದಲೇ ಬರೆದರು: ಅವಧಿ ಮುಗಿದ ಮೇಲೆ, ಸೂಚನೆ ಮೀರಿ, ಹವಾಲ್ದಾರರು ಒಂದು ಕರೆ ಕೇಳಿದ್ದಾರೆ, ವಿಷಯ ಹೇಳಲು ಬಂದರು, ಹೇಳಲು ಬಿಟ್ಟಿಲ್ಲ. ವೇಳೆ ಹಾಕಿ, ನನ್ನ ಸಹಿ ಕೇಳಿದರು. ಸೂಚನೆ ಮೀರಿ ಎನ್ನುವ ಮಾತು ಓದಿ ನನಗೆ ಮೈ ಉರಿಯಿತು. ಇವರನ್ನು ನಂಬಿ ಓಡಿ ಬಂದವನಿಗೆ ಇದೇನಾ ಬಹುಮಾನ ಎನ್ನಿಸಿತು. ಆದರೂ ಸಹಿ ಮಾಡಿದೆ.

ಮಧ್ಯಾಹ್ನ ನಾಶದ ಕೆಲಸ. ತಂತ್ರಜ್ಞ ನಮ್ಮಿಬ್ಬರೆದುರು ಯಂತ್ರದಿಂದ ಒಂದೊಂದೇ ಕರೆ ಅಳಿಸಿದ. ಅಳಿಸಿದ ಸಂಖ್ಯೆಗೂ ರಿಜಿಸ್ಟರಿನ ಸಂಖ್ಯೆಗೂ ತಾಳೆಯಾಗುವವರೆಗೆ ಮೇಡಂ ಕುರ್ಚಿ ಬಿಡಲಿಲ್ಲ. ಮೇಲಿನ ಕಚೇರಿಗೆ ಹೋಗಿದ್ದ ಹಾಳೆಗಳನ್ನೂ ಪತ್ರ ಬರೆದು ವಾಪಸು ತರಿಸಿದರು. ಎಲ್ಲವನ್ನೂ ಹಿತ್ತಲಿನ ಖಾಲಿ ಎಣ್ಣೆ ಡಬ್ಬಿಯಲ್ಲಿ ಹಾಕಿ ಸುಟ್ಟೆವು. ಮುಗಿಯಿತು ಎಂದು ನಾನು ಹೊರಟರೆ, “ಕಾರ್ಬನ್?” ಎಂದರು. ಕಾರ್ಬನ್ ಹಾಳೆಯ ಮೇಲೆ ಅಕ್ಷರ ಮೂಡಿರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅವನ್ನೂ ತಂದು ಹಾಕಿದೆ, ಕರಿಯ ಹೊಗೆ ಬಂತು.

“ಎಲ್ಲಾ ಸುಟ್ಟೀವ್ರಿ. ನನ್ನ ತಲಿಯಾಗ ಇದ್ದದ್ದು?” ಎಂದೆ, ಸ್ವಲ್ಪ ವ್ಯಂಗ್ಯವಾಗಿಯೇ.

“ಅದಕ್ಕ ನಿಯಮ ಇಲ್ರಿ. ಅದು ನಿಮ್ಮ ಮ್ಯಾಲ ಬಿಟ್ಟದ್ದು.”

ಡಬ್ಬಿಯ ಬೂದಿಗೆ ನೀರು ಹೊಯ್ಯುತ್ತಿರುವಾಗ ನನಗೊಂದು ಹೊಳೆಯಿತು. ಫೋನಿನಲ್ಲಿ ಕೇಳಿದ್ದನ್ನು ಹೇಳುವಂತಿಲ್ಲ, ಸರಿ. ಆದರೆ ನಾನು ಹುಟ್ಟಿದ ಊರಿನ ರೂಢಿ ಹೇಳಬಹುದಲ್ಲ? ಟವರಿನ ದಾಖಲೆ ಕಾಯಿದೆಯ ಪ್ರಕಾರ ಬೇರೆಯಾಗಿ ತಂದದ್ದು, ಅದು ಹಾಗೇ ಇತ್ತು. ಅದರ ಬಲದ ಮೇಲೆಯೇ ಹಿರಿಯನನ್ನು ಹಿಡಿಯಲು ಮೇಲಿನವರು ಅವಸರ ಮಾಡುತ್ತಿದ್ದರು. ನಾನು ಮೇಡಂಗೆ ನಮ್ಮ ಹೊಲದ ಕಥೆ ಹೇಳಿದೆ, ಪಾಳಿಯದು, ಹಿಂಡಿನ ಜೊತೆ ತಿರುಗುವ ಫೋನಿನದು, ಹಿರಿಯನ ಹೆಸರಿನ ಕಾಗದದ್ದು. ಅವರು ಪೂರಾ ಕೇಳಿದರು.

“ಇದು ಫೋನಿನಾಗ ಕೇಳಿ ತಿಳಕೊಂಡದ್ದೇನು?”

“ಅಲ್ರಿ. ಸಣ್ಣಂವ ಇದ್ದಾಗಿಂದ ಹಿಂಡು ನೋಡಿದಂವ. ಫೋನು ಬಂದಮ್ಯಾಲಿನ ರೂಢಿನೂ ಹತ್ತು ಹದಿನೈದು ವರ್ಷದಿಂದ ಗೊತ್ತದ.”

“ಹಂಗಾರ ಸೋಮವಾರನೇ ಯಾಕ ಹೇಳಲಿಲ್ಲ?”

ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟೆ. ಬೇರೆ ದಾರಿಯಿಂದ ಮಾಹಿತಿ ಸಿಗುವಂತಿದೆಯೇ ಎಂದು ಕಾಯಿದೆ ಕೇಳಿದ ಆ ಬೇರೆ ದಾರಿ ನಾನೇ ಆಗಿದ್ದೆ. ಆ ದಾರಿಗೆ ನಾನೇ ಅಡ್ಡ ಕುಳಿತು, ಏಳು ದಿನ ಒಂದು ಮನೆಯ ಅಳು ನಗು ಎಲ್ಲ ಕೇಳಿದ್ದೆ. ನನ್ನ ತಪ್ಪು, ಹಾಳೆಯ ಮೇಲೆ ಸಿಮ್ಮಿನ ಹೆಸರು ನೋಡಿ ಬರೆದೆ, ಆಮೇಲೆ ಗೊತ್ತಾದರೂ ತಿದ್ದಲಿಲ್ಲ ಎಂದು ಒಪ್ಪಿಕೊಂಡೆ. ಮೇಡಂ ಬೈಯಲಿಲ್ಲ. ನಾನು ಹೇಳಿದ ರೂಢಿಯನ್ನು ನನ್ನ ಹೇಳಿಕೆಯಾಗಿ ಒಂದು ಕಾಗದದಲ್ಲಿ ಬರೆದುಕೊಂಡು, ಅದರ ಮೇಲೆ ಹಿರಿಯನ ದಸ್ತಗಿರಿಯನ್ನು ತಡೆಹಿಡಿಯಿರಿ, ಮೊದಲು ಹೋಗಿ ಕೇಳಿ ಬರುತ್ತೇವೆ ಎಂದು ಮೇಲೆ ಬರೆದರು. ಎರಡು ದಿನ ಸಿಕ್ಕಿತು. ಎರಡು ದಿನದಲ್ಲಿ ಏನೂ ಸಿಗದಿದ್ದರೆ ಹಿರಿಯ ಒಳಗೆ ಹೋಗುತ್ತಾನೆ, ಮೇಡಂ ವರ್ಗವಾಗುತ್ತಾರೆ. ಇದು ಎಲ್ಲರಿಗೂ ಗೊತ್ತಿತ್ತು.

ಗುರುವಾರ ಮಾಕಣಿಯ ಕಡೆ ಹೋದೆವು. ಹಿರಿಯ ಅಂಗಳದಲ್ಲಿ ಕಾಲು ಚಾಚಿ ಉಣ್ಣೆ ನೂಲುತ್ತ ಕುಳಿತಿದ್ದರು. ಮೊಣಕಾಲು ಹಿಡಿದು ಎರಡು ವರ್ಷವಾಗಿದೆ, ಹಿಂಡಿನ ಜೊತೆ ಹೋಗುವುದಿಲ್ಲ. ಅವರು ಬಾಯಿ ತೆರೆದು “ಬರ್ರಿ, ಕೂಡ್ರಿ” ಎಂದದ್ದೇ, ನಿನ್ನೆ ಬೆಳಿಗ್ಗೆ ಕಿವಿಯೊಳಗೆ ಕೇಳಿದ ದನಿ ಎದುರಿಗೆ ಬಂದು ನಿಂತಿತು. ನಾನು ನೆಲ ನೋಡಿದೆ.

“ನಾ ನಿಮಗ ಗುರ್ತ ಅದೀನೇನ್ರಿ ಸಾಹೇಬ್ರ? ಒಂಥರಾ ನೋಡ್ಲತ್ತೀರಿ.”

“ಇಲ್ರಿ ಕಾಕಾ,” ಎಂದೆ. ಪೊಲೀಸನಾಗಿ ಎಷ್ಟೋ ಸುಳ್ಳು ಹೇಳಿದ್ದೇನೆ, ಇದೊಂದು ಇನ್ನೂ ನೆನಪಿದೆ.

ಮೇಡಂ ಫೋನಿನ ಬಗ್ಗೆ ನೇರವಾಗಿ ಕೇಳಿದರು. ನಾನು ಕನ್ನಡಕ್ಕೆ ತಂದೆ. “ಅದು ಹಿಂಡಿನ ಜೊತಿ ಹೋಗ್ಯಾದ್ರಿ, ನನ್ನ ಹತ್ರ ಯಾಕ ಇರ್ತದ?” ಎಂದರು ಹಿರಿಯ, ಇದೂ ಕೇಳುವ ಮಾತೇ ಎನ್ನುವ ಹಾಗೆ. ಮೂರು ದಿನಗಳಂದು ಹಿಂಡು ಎಲ್ಲಿತ್ತು ಎಂದರೆ ತಾರೀಖು ಅವರಿಗೆ ಗೊತ್ತಿಲ್ಲ. ಯಾರ ಹೊಲದಲ್ಲಿ ತಂಗಿತ್ತು ಎಂಬುದು ಬಾಯಿಪಾಠ. ಒಬ್ಬೊಬ್ಬ ರೈತನ ಹೆಸರನ್ನು ಸಾಲಾಗಿ ಹೇಳಿದರು. ಆದರೆ ಇನ್ನೇನಾದರೂ ಕಂಡಿದ್ದೀರಾ, ಕೇಳಿದ್ದೀರಾ ಎಂದಾಗ ನೂಲು ಎತ್ತಿಕೊಂಡು “ಇಲ್ರಿ ಬಾಯಿಯವರ” ಎಂದು ಮೇಡಂಗೆ ಹೇಳಿದರು. ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಒಂದೇ ಒಂದು ಪ್ರಶ್ನೆ ಸಾಕಾಗಿತ್ತು, ಮೋರಿ ಎಂಬ ಒಂದು ಶಬ್ದ. ಅದನ್ನು ನುಂಗಿಕೊಂಡು ಎದ್ದೆ.

ಆ ಸಂಜೆಯವರೆಗೆ ರೈತರ ಮನೆ ಮನೆ ತಿರುಗಿದೆವು. ಹಿರಿಯ ಹೇಳಿದ್ದು ಒಂದೂ ತಪ್ಪಿರಲಿಲ್ಲ. ಮೂರೂ ದಿನ ಹಿಂಡು ಟವರಿನ ಹತ್ತಿರದ ಹೊಲದಲ್ಲಿತ್ತು, ಹಿರಿಯ ಒಮ್ಮೆಯೂ ಅದರ ಜೊತೆಗಿರಲಿಲ್ಲ. ಅವರ ಕೊರಳು ಅರ್ಧ ಬಿಡಿಸಿದ ಹಾಗಾಯಿತು. ಆದರೆ ಹಿರಿಯನಲ್ಲದಿದ್ದರೆ ತಮ್ಮ ಎಂದು ಮೇಲಿನಿಂದ ಆಗಲೇ ಮಾತು ಬಂತು.

ಶುಕ್ರವಾರ ದೇವಣಿಯ ಆಚೆ ಹಿಂಡು ಹುಡುಕಿಕೊಂಡು ಹೊರಟೆವು. ದಾರಿಯಲ್ಲಿ ಜೀಪಿನ ಚಾಲಕ ಚಕ್ರದ ಗಾಳಿ ನೋಡುತ್ತೇನೆಂದು ನಿಲ್ಲಿಸಿದ್ದು ಎಲ್ಲಿ ಗೊತ್ತೇ? ಅದೇ ಮೋರಿಯ ಮೇಲೆ. ಮೇಡಂ ಇಳಿದು ಕಟ್ಟೆಯ ಮೇಲೆ ಕುಳಿತು ನೀರು ಕುಡಿದರು. ಅವರ ಕಾಲಡಿ, ಮೂರು ಮೊಳ ಕೆಳಗೆ, ಕೊಳವೆ. ಗಸ್ತಿನ ಜೀಪುಗಳೂ ಎರಡು ದಿನದಿಂದ ಅದರ ಮೇಲೆಯೇ ಓಡಾಡುತ್ತಿದ್ದವು. ನಾನು ಬೆನ್ನು ತಿರುಗಿಸಿ ದೂರದ ಬನ್ನಿ ಗಿಡ ನೋಡುತ್ತ ನಿಂತೆ. “ಆರಾಮ ಇಲ್ಲೇನ್ರಿ?” ಎಂದು ಮೇಡಂ ಕೇಳಿದರು. ಬಿಸಿಲು ಎಂದೆ.

ಹಿಂಡು ಒಂದು ಹರದಾರಿ ಮುಂದಿತ್ತು. ತಮ್ಮ ನಮ್ಮ ಖಾಕಿ ನೋಡಿ ಎದ್ದು ನಿಂತ, ಬೆನ್ನ ಹಿಂದೆ ಕೊಡಲಿ ಬಿಗಿಹಿಡಿದುಕೊಂಡೇ. ಕಾಲಿಗೆ ಬಟ್ಟೆ ಸುತ್ತಿದ ಕಂದು ಕುರಿಯೊಂದು ಕುಂಟುತ್ತ ಬಂತು, ಎರಡು ಮರಿ ಕೆಚ್ಚಲಿಗೆ ಬಿದ್ದಿದ್ದವು. ನನಗರಿವಿಲ್ಲದೆಯೇ ನಕ್ಕೆ.

“ಯಾಕ ನಗ್ಲತ್ತೀರಿ?” ಎಂದ ಅವನು, ಸಿಟ್ಟಿನಿಂದ.

“ಮರಿ ಚಂದ ಅವ,” ಎಂದೆ.

ಮೇಡಂ ಹುಲ್ಲಿನ ಮೇಲೆ ಕುಳಿತು ಪ್ರಶ್ನೆ ಶುರುಮಾಡಿದರು. ಎಲ್ಲದಕ್ಕೂ “ಗೊತ್ತಿಲ್ರಿ.” ನಾನು ರೂಢಿಯಂತೆ ಕೈಚೀಲದಿಂದ ಕಾಗದದ ಜೊತೆಗೆ ಹೆಬ್ಬೆಟ್ಟಿನ ಮಸಿಡಬ್ಬಿ ತೆಗೆದಿಟ್ಟೆ. ಅದನ್ನು ನೋಡಿದ್ದೇ ಅವನ ಮುಖ ಇಳಿಯಿತು. ಮೇಡಂ ಆ ಮುಖ ನೋಡಿದರು, ಡಬ್ಬಿ ನೋಡಿದರು.

“ಅದನ್ನ ಒಳಗ ಇಡ್ರಿ. ಸಾಕ್ಷಿ ಪೊಲೀಸ್ರ ಮುಂದ ಹೇಳಿದ ಮಾತಿಗೆ ಸಹಿ ಹೆಬ್ಬೆಟ್ಟು ತೊಗೋಬಾರ್ದು ಅಂತ ಕಾಯಿದೆನೇ ಅದ. ಅವನಿಗೂ ಹೇಳ್ರಿ.”

ಹೇಳಿದೆ. ಅವನು ನಂಬಲಿಲ್ಲ.

“ಹೆಬ್ಬೆಟ್ಟು ಒತ್ತಂಗಿಲ್ಲೇನ್ರಿ? ನಮ್ಮ ಮುತ್ಯಾಗ ಒಮ್ಮೆ ಒತ್ತಿಸ್ಕೊಂಡು ಏನೇನೋ ಬರಕೊಂಡಿದ್ರಂತ. ಅವತ್ತಿಂದ ನಮ್ಮ ಮನ್ಯಾಗ ಯಾರೂ ಒತ್ತಂಗಿಲ್ಲ.”

“ಬ್ಯಾಡ. ಬರದದ್ದನ್ನ ನಿನ್ನ ಮಾತಿನಾಗ ಓದಿ ತೋರಿಸ್ತಾರ. ತಪ್ಪಿದ್ರ ತಿದ್ದಸು. ಅಷ್ಟೇ,” ಎಂದರು ಮೇಡಂ. ನಾನು ಡಬ್ಬಿ ಚೀಲಕ್ಕೆ ಹಾಕಿ ಗುಂಡಿ ಹಾಕಿದೆ.

ಅವನು ಕೊಡಲಿ ಕೆಳಗಿಟ್ಟ. ಆಮೇಲೆ ಅಂಗಿಯ ಒಳಜೇಬಿನಿಂದ ಫೋನು ತೆಗೆದ, ಸುತ್ತಿದ್ದ ಪ್ಲಾಸ್ಟಿಕ್ಕು ಬಿಚ್ಚಿದ. ಏಳು ದಿನ ನನ್ನ ಕಿವಿಗೆ ಅಂಟಿಕೊಂಡಿದ್ದ ಫೋನನ್ನು ನಾನು ನೋಡಿದ್ದು ಆಗಲೇ. ಗುಂಡಿಯ ಅಂಕಿಗಳೆಲ್ಲ ಸವೆದಿದ್ದವು.

“ಅಣ್ಣನ ಕೇಳದ ನಾ ಹೇಳಂಗಿಲ್ರಿ,” ಎಂದು ನಂಬರು ಒತ್ತಿ, ನಮ್ಮ ಕಡೆ ನೋಡಿ, ಫೋನಿನ ದನಿ ದೊಡ್ಡದು ಮಾಡಿ ನಡುವೆ ಹುಲ್ಲಿನ ಮೇಲೆ ಇಟ್ಟ. “ನೀವೂ ಕೇಳ್ರಿ.”

ಮನೆಯಲ್ಲಿ ಯಾರೋ ಎತ್ತಿ ಹಿರಿಯನಿಗೆ ಕೊಟ್ಟರು.

“ಅಣ್ಣಾ, ಪೊಲೀಸ್ರು ಬಂದಾರ. ಬಾಯಿಯವ್ರು, ಮತ್ತ ಕನ್ನಡ ಮಾತಾಡಂವ ಒಬ್ಬ. ಮಗ್ಗಲಕ್ಕೇ ಕುಂತಾರ, ಕೇಳ್ಲತ್ತಾರ.”

“ಹೊಡದಾರೇನು?”

“ಇ‌ಲ್ಲ.”

“ಹೆಬ್ಬೆಟ್ಟು?”

“ಬ್ಯಾಡ ಅಂದ್ರು. ಡಬ್ಬಿ ಒಳಗಿಟ್ರು.”

ಆ ಕಡೆ ಉಸಿರು ಮಾತ್ರ ಕೇಳಿಸಿತು. ನನಗೆ ಆ ಮೌನ ಪರಿಚಯದ್ದು. ಅದರ ಹಿಂದೆ ಬರುವ ‘ಬ್ಯಾಡಪಾ’ ಎನ್ನುವುದೂ ಪರಿಚಯದ್ದೇ. ಅದಕ್ಕಾಗಿ ಕಾಯುತ್ತ ಕಣ್ಣು ಮುಚ್ಚಿದ್ದೆ.

“ಹೇಳು ಹಂಗಾರ,” ಎಂದರು ಹಿರಿಯ. “ಬೀರಪ್ಪನ ಆಣಿ ಅದ, ಕಂಡಷ್ಟೇ ಹೇಳು. ಕಾಣದ್ದು ಒಂದೂ ಹೇಳಬ್ಯಾಡ.”

ಅವನು ಎಲ್ಲ ಹೇಳಿದ. ನಾನು ಮೇಡಂಗೆ ಮರಾಠಿಯಲ್ಲಿ ಹೇಳುತ್ತ ಬರೆದೆ, ಅವನ ಮಾತಿನಲ್ಲಿ ಓದಿ ತೋರಿಸಿದೆ, ಅವನು ಎರಡು ಕಡೆ ತಿದ್ದಿಸಿದ. ಮೋರಿಯ ಜಾಗ ಬಂದಾಗ ಮೇಡಂ ತಲೆಯೆತ್ತಿ ನನ್ನ ಕಡೆ ಒಂದು ಸಲ ನೋಡಿದರು. ಏನೂ ಕೇಳಲಿಲ್ಲ. ಆ ಸಂಜೆಯೇ ಪಂಚರನ್ನು ಕರೆದುಕೊಂಡು ಹೋಗಿ ಕೊಳವೆಯಿಂದ ಚೀಲ ತೆಗೆದರು. ಸತ್ತ ಚಾಲಕನ ಗಾಡಿಯ ಕಾಗದವೂ ಅದರಲ್ಲಿತ್ತು. ಗಾಡಿಯ ನಂಬರಿನ ಜಾಡು ಹಿಡಿದು ಮೂರು ದಿನದಲ್ಲಿ ನಾಲ್ವರು ಸಿಕ್ಕರು. ಅವರಲ್ಲಿ ಕುರುಬರವರು ಯಾರೂ ಇರಲಿಲ್ಲ.

ವಿಚಾರಣೆ ನಿಲಂಗಾದಲ್ಲಿ ನಡೆಯಿತು. ಸರ್ಕಾರಿ ವಕೀಲರ ಸಲಹೆ ಪಡೆದು ಮೇಡಂ ನಾಶದ ಪ್ರಮಾಣಪತ್ರ, ತಮ್ಮ ರಿಜಿಸ್ಟರಿನ ಆ ಪುಟ ಎರಡನ್ನೂ ಕಡತದಲ್ಲಿ ತಾವಾಗಿಯೇ ಇಟ್ಟಿದ್ದರು. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು, ನಾನಂತೂ ಮುಚ್ಚಿಡುತ್ತಿದ್ದೆ. ಆರೋಪಿಗಳ ವಕೀಲರು ಬುದ್ಧಿವಂತರು, ನೇರ ಅದಕ್ಕೇ ಕೈ ಹಾಕಿದರು. ಆ ಬುಧವಾರದ ಕರೆಯಲ್ಲಿ ಏನು ಕೇಳಿದಿರಿ ಎಂದು ಕಟಕಟೆಯಲ್ಲಿ ನನ್ನನ್ನು ಕೇಳಿದರು. ಹೇಳಬಹುದೇ ಎಂದು ನ್ಯಾಯಾಧೀಶರ ಕಡೆ ನೋಡಿದೆ, ಅವರು ಹೇಳಿ ಎಂದರು.

“ಮೋರಿಯ ಸುದ್ದಿ,” ಎಂದೆ.

ವಕೀಲರು ಗೆದ್ದೆನೆಂದೇ ತಿಳಿದರು. ಹಾಗಾದರೆ ಪೊಲೀಸರಿಗೆ ಮೊದಲೇ ಗೊತ್ತಿತ್ತು, ಸಾಕ್ಷಿ ಬರೀ ನಾಟಕ ಎಂದರು. ನ್ಯಾಯಾಧೀಶರು ರಿಜಿಸ್ಟರು ತರಿಸಿ ಓದಿದರು. ಸೂಚನೆ ಮೀರಿ ಎನ್ನುವ, ನನ್ನ ಮೈ ಉರಿಸಿದ ಆ ಮಾತನ್ನು ಗಟ್ಟಿಯಾಗಿ ಓದಿದರು. ಗಸ್ತಿನ ದಾಖಲೆ ತರಿಸಿದರು. ಎರಡು ದಿನ ಪೊಲೀಸು ಗಾಡಿಗಳು ಆ ಮೋರಿಯ ಮೇಲೆ ಹಾದುಹೋಗಿದ್ದವು, ತನಿಖಾಧಿಕಾರಿ ಅದರ ಮೇಲೇ ಕುಳಿತು ಎದ್ದು ಹೋಗಿದ್ದರು, ಯಾರೂ ಬಗ್ಗಿ ನೋಡಿರಲಿಲ್ಲ. ತನ್ನ ಸಿಬ್ಬಂದಿಯ ತಪ್ಪನ್ನೇ ಬರೆದಿಟ್ಟ ರಿಜಿಸ್ಟರನ್ನು ನಂಬದಿರಲು ಕಾರಣ ಕಾಣುವುದಿಲ್ಲ ಎಂದು ತೀರ್ಪಿನಲ್ಲಿ ಬರೆದರು. ನಾಲ್ವರಿಗೂ ಶಿಕ್ಷೆಯಾಯಿತು.

ನಾನು ಸಾಕ್ಷಿ ನುಡಿದ ಆ ದಿನ ಹೊರಗೆ ಬಂದಾಗ ಮೇಡಂ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದರು.

“ಹಂಗಾರ ಇದೇ ಇತ್ತೇನ್ರಿ ಅದು?”

“ಇದೇ ಇತ್ರಿ.”

“ನಾ ಮೋರಿ ಮ್ಯಾಲ ಕುಂತು ನೀರು ಕುಡ್ಯಾಗ್ಲೂ?”

“ನೀವೇ ಸಾಂಗೂ ನಕಾ ಅಂದಿದ್ರಲ್ರಿ.”

ಅವರು ಮುಖಕ್ಕೆ ಕೈ ಹಿಡಿದುಕೊಂಡು ನಕ್ಕರು, ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟರು. ಮೂವತ್ತೆರಡು ವರ್ಷದಲ್ಲಿ ನಾನು ಬಹಳ ಸಾಹೇಬರಿಗೆ ಸಲಾಮು ಹೊಡೆದಿದ್ದೇನೆ. ಮನಸ್ಸಿನಿಂದ ಹೊಡೆದದ್ದು ಅವತ್ತು.

ತಮ್ಮನ ಸಾಕ್ಷಿ ಮಧ್ಯಾಹ್ನಕ್ಕಿತ್ತು. ಹಿರಿಯ ಕೋಲೂರಿಕೊಂಡು ಅವನ ಜೊತೆ ಬಂದು, ನನ್ನ ಮಾತೆಲ್ಲ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದರು. ಹಿಂಡಿನ ಫೋನು ನಾವು ಕದ್ದು ಕೇಳಿದ್ದು ಅವರಿಗೆ ತಿಳಿದದ್ದೇ ಆಗ. ನನ್ನ ಹತ್ತಿರ ಬಂದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

“ನಮ್ಮ ಅಂಗಳಕ್ಕ ಬಂದ ದಿನ ನಿಮಗ ಎಲ್ಲಾ ಗೊತ್ತಿತ್ತು.”

“ಗೊತ್ತಿತ್ರಿ, ಕಾಕಾ.”

“ಹೆಣ್ಮಕ್ಕಳ ಮಾತೂ ಕೇಳೀರಿ.”

“ಕೇಳೀನ್ರಿ. ಬರೆದಿಲ್ಲ. ಬಾಯಿಯವ್ರು ಬರ್ಯಾಕ ಬಿಡ್ಲಿಲ್ಲ.”

ಅವರು ಮೇಡಂ ಕಡೆ ತಿರುಗಿ ಕೈ ಜೋಡಿಸಿದರು. ಮತ್ತೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

“ನಮ್ಮ ಹಿಂಡು ನಿಮ್ಮಂಥವ್ರ ಹೊಲದಾಗೇ ತಂಗತದ. ನೀ ಮೊದ್ಲೇ ಬಂದು ಕೇಳಿದ್ರ ಆತಿತ್ತಲ್ಲೋ ತಮ್ಮಾ.”

ಒಳಗಿನಿಂದ ಅವರ ತಮ್ಮನ ಹೆಸರು ಕೂಗಿದರು. ಹಿರಿಯ ಕಂಬಳಿ ಸರಿಮಾಡಿಕೊಂಡು ಕೋಲೂರಿಕೊಂಡು ಆ ಕಡೆ ಹೋದರು.

“ಆತಿತ್ರಿ,” ಎಂದೆ, ಅವರಿಗೆ ಕೇಳಿಸಿತೋ ಇಲ್ಲವೋ.